ಚುಕ್ಕೆ ಗುರುತಿನ ಪ್ರಶ್ನೆ: ಚುಕ್ಕೆಯೋ, ನಕ್ಷತ್ರವೋ? (ತುರ್ತು, ನಾಳೆ 11ಕ್ಕೆ ಅಚ್ಚಿಗೆ ಹೋಗಬೇಕು)

ಸಮಾಜ ಟೀಚರ್, ರಾಜಾಜಿನಗರ:

ಎಲ್ಲರಿಗೂ ನಮಸ್ಕಾರ. ಹೊತ್ತಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಶನಿವಾರ ನಮ್ಮ ಶಾಲೆಯಲ್ಲಿ ಮಕ್ಕಳ ಅಣಕು ಅಧಿವೇಶನ ಇದೆ. ಎಂಟು, ಒಂಬತ್ತನೇ ತರಗತಿಯವರೇ ಸದಸ್ಯರು, ಅವರೇ ಮಂತ್ರಿಗಳು. ವಿಷಯ ಎರಡೇ: ಕೃಷಿ ಮತ್ತು ಶಿಕ್ಷಣ. ಪ್ರಶ್ನೆ ಬರೆದವರೂ ಮಕ್ಕಳೇ. ಬಿಸಿಯೂಟದ ಮೊಟ್ಟೆ, ಅತಿಥಿ ಶಿಕ್ಷಕರ ಸಂಬಳ, ಬೆಳೆ ವಿಮೆ, ಅಡಿಕೆಯ ಎಲೆಚುಕ್ಕೆ ರೋಗ, ಎಲ್ಲ ಇದೆ.

ಈಗ ತೊಂದರೆ ಏನೆಂದರೆ, ಎರಡು ಮೇಜಿಗೆ ಎರಡು ಫೋಮ್ ಬೋರ್ಡ್ ಮಾಡಿಸುತ್ತಿದ್ದೇನೆ. ಒಂದರಲ್ಲಿ ‘ಚುಕ್ಕೆ ಗುರುತಿನ ಪ್ರಶ್ನೆಗಳು’, ಇನ್ನೊಂದರಲ್ಲಿ ‘ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು’. ಅಂಗಡಿಯ ಹುಡುಗನಿಗೆ ಫೋನಿನಲ್ಲಿ ‘ಮೊದಲನೇದಕ್ಕೆ ಮುಂದೆ ಒಂದು ಚುಕ್ಕೆ ಹಾಕಪ್ಪ’ ಅಂದೆ. ವಾಟ್ಸಾಪಿನಲ್ಲಿ ಪ್ರೂಫ್ ಬಂತು. ಕುಂಕುಮದ ಬೊಟ್ಟಿನ ಹಾಗೆ ದುಂಡಗೆ, ಕೆಂಪಗೆ ಒಂದು ಚುಕ್ಕೆ! ಅವನ ತಪ್ಪೇನೂ ಇಲ್ಲ, ನಾನು ಹೇಳಿದ್ದನ್ನೇ ಹಾಕಿದ್ದಾನೆ. ಆದರೆ ಇಂಗ್ಲಿಷಿನಲ್ಲಿ ಇದು ಸ್ಟಾರ್ಡ್ ಕ್ವೆಶ್ಚನ್. ಹಾಗಾದರೆ ಕನ್ನಡದ ಪದವೇ ತಪ್ಪೇ? ‘ನಕ್ಷತ್ರ ಗುರುತಿನ ಪ್ರಶ್ನೆ’ ಎಂದು ಬದಲಿಸಲೇ? ನಾಳೆ ಬೆಳಿಗ್ಗೆ 11 ಗಂಟೆಯೊಳಗೆ ಹೇಳದಿದ್ದರೆ ಬೊಟ್ಟೇ ಅಚ್ಚಾಗುತ್ತದೆ.

ಇನ್ನೊಂದು ಚಿಕ್ಕದು. ಮಂತ್ರಿಗಳ ಉತ್ತರದಲ್ಲಿ ‘ಉದ್ಭವಿಸುವುದಿಲ್ಲ’ ಅಂತ ಬರುತ್ತದಲ್ಲ, ಮಕ್ಕಳ ಬಾಯಲ್ಲಿ ಅದು ‘ಉಧ್ಬವ’ ಆಗುತ್ತಿದೆ. ಸುಲಭದ್ದು ಇದೆಯೇ?

ನಿವೃತ್ತ ವರದಿಗಾರ (ಸದನದವನು, ಪತ್ರಿಕೆಯವನಲ್ಲ), ಬಸವನಗುಡಿ:

ಬದಲಿಸಬೇಡಿ. ವಿಧಾನಮಂಡಲದ ಕಾಗದದಲ್ಲಿ ‘ಚುಕ್ಕೆ ಗುರುತಿನ ಪ್ರಶ್ನೆ’ ಎಂದೇ ಇದೆ. ಉತ್ತರದ ಹಾಳೆ ನೋಡಿದವರಿಗೆ ಗೊತ್ತು: ಮೇಲೆ ಪ್ರಶ್ನೆ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಗೆರೆ ಎಳೆದ ಎರಡು ಕಂಬ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಅ, ಆ, ಇ, ಈ ಎಂದು ಕವಲು. ‘ಅ) ಸರ್ಕಾರದ ಗಮನಕ್ಕೆ ಬಂದಿದೆಯೇ?’ ‘ಬಂದಿದೆ.’ ‘ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ‘ಪರಿಶೀಲನೆಯಲ್ಲಿದೆ.’ ಅ-ಕ್ಕೆ ‘ಇಲ್ಲ’ ಎಂದರೆ ಆ-ಕ್ಕೆ ‘ಉದ್ಭವಿಸುವುದಿಲ್ಲ.’ ಮುಗಿಯಿತು. ಇದು ಒಂದು ಪದವಲ್ಲ, ಒಂದು ಬಾಗಿಲು. ಮುಚ್ಚಿದ ಸದ್ದು ಕೇಳಿಸಬೇಕು. ಮಕ್ಕಳಿಗೆ ಹತ್ತು ಸಲ ಹೇಳಿಸಿ, ಬರುತ್ತದೆ.

ಬೋರ್ಡಿಗೆ ಆರು ಕಡ್ಡಿಯ ನಕ್ಷತ್ರದ ಗುರುತು (*) ಹಾಕಿಸಿ. ಪದ ಸರಿ ಇದೆ, ಚಿತ್ರ ತಪ್ಪಾಗಿದೆ.

ಅಂದ ಹಾಗೆ, ಚುಕ್ಕೆ ಇರುವುದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಸದಸ್ಯ ಅಲ್ಲೇ ಉಪಪ್ರಶ್ನೆ ಕೇಳಬಹುದು. ಇಲ್ಲದ್ದಕ್ಕೆ ಬರವಣಿಗೆಯ ಉತ್ತರ ಮಾತ್ರ. ನಿಮ್ಮ ಮಕ್ಕಳು ಎರಡನ್ನೂ ಗಟ್ಟಿಯಾಗಿ ಓದಿಬಿಟ್ಟರೆ ಎರಡು ಬೋರ್ಡ್ ಯಾಕೆ? ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆಯವು, 230 ಚುಕ್ಕೆ ಇಲ್ಲದವು. ಆ ಅಂತರ ಮಕ್ಕಳಿಗೆ ಗೊತ್ತಾಗಲಿ.

ಎಲ್ಲರಕನ್ನಡಿಗ, ಹೊಸಕೆರೆಹಳ್ಳಿ:

‘ನಕ್ಶತ್ರ’ (ನಾನು ಬರೆಯುವುದು ಹೀಗೇ, ಆಡುವ ಹಾಗೆ) ಬೇಡವೇ ಬೇಡ. ಹಳಗನ್ನಡದಲ್ಲಿ ‘ಅರಿಲ್’ ಇದೆ. ‘ಪ್ರಶ್ನೆ’ಯೂ ಯಾಕೆ? ‘ಕೇಳ್ವಿ’ ಇದೆ. ‘ಅರಿಲುಕೇಳ್ವಿ’, ‘ಅರಿಲಿಲ್ಲದ ಕೇಳ್ವಿ’. ಎಶ್ಟು ಚೊಕ್ಕ ನೋಡಿ. ‘ಉದ್ಬವಿಸುವುದಿಲ್ಲ’ ಅನ್ನುವುದಕ್ಕೆ ‘ಹುಟ್ಟುವುದಿಲ್ಲ’ ಸಾಕು. ಮಕ್ಕಳ ನಾಲಿಗೆ ತಪ್ಪುತ್ತಿಲ್ಲ, ಅವರ ಬಾಯಲ್ಲಿ ಇಲ್ಲದ ಮಹಾಪ್ರಾಣವನ್ನು ನಾವು ತುರುಕುತ್ತಿದ್ದೇವೆ.

ನಿವೃತ್ತ ವರದಿಗಾರ, ಬಸವನಗುಡಿ:

‘ಹುಟ್ಟುವುದಿಲ್ಲ’ ಎಂದು ಪಶುಸಂಗೋಪನಾ ಸಚಿವರು ಹೇಳಲಿ.

ಮಲ್ಲೇಶ್ವರ ಎಂಟನೇ ಅಡ್ಡರಸ್ತೆ:

ಮೇಡಂ, ಹಿಂದಿಯಲ್ಲಿ ‘ತಾರಾಂಕಿತ’ ಎನ್ನುತ್ತಾರೆ, ನಾವೂ ಹಾಗೇ ಅನ್ನಬಹುದು. ಸಂಸ್ಕೃತದ ತಾರಾ, ಗ್ರೀಕಿನ ಆಸ್ಟರ್, ಇಂಗ್ಲಿಷಿನ ಸ್ಟಾರ್ ಮೂರೂ ಒಂದೇ ಬೇರಿನವು. ಆಸ್ಟರಿಸ್ಕ್ ಎಂದರೆ ಗ್ರೀಕಿನಲ್ಲಿ ಪುಟ್ಟ ತಾರೆ. ಪದಕ್ಕೆ ಪದ ಕೂಡಿಕೊಂಡಿರುವಾಗ ಚುಕ್ಕೆ ಎಂಬ ಗೊಂದಲದ ಪದ ಯಾಕೆ? ಚುಕ್ಕೆ ಎಂದರೆ ಬಿಂದು. ರಂಗೋಲಿ ಇಡುವವರನ್ನು ಕೇಳಿ.

ಧಾರವಾಡದ ಕಾಕಾ (ಸದ್ಯ ವಿಜಯನಗರ, ಮಗನ ಮನಿ):

ಅಲ್ರೀ ಮಲ್ಲೇಶ್ವರದವರ, ರಂಗೋಲಿಗೆ ಬರೋದ್ಕಿಂತ ಮೊದಲ ಒಮ್ಮೆ ಮ್ಯಾಲೆ ನೋಡ್ರಿ. ನಮ್ಮ ಕಡೆ ಚುಕ್ಕಿ ಅಂದ್ರ ಆಕಾಶದಾಗಿನ ಚುಕ್ಕಿನ. ನಸುಕಿನ್ಯಾಗ ಬೆಳ್ಳಿಚುಕ್ಕಿ ಮೂಡಿತಂದ್ರ ನಮ್ಮಪ್ಪ ಎತ್ತಿಗೆ ಮೇವು ಹಾಕಾಕ ಏಳ್ತಿದ್ದ. ಬಾಲಚುಕ್ಕಿ ಅಂತೀರಲ್ಲ, ಅದೇನು ಬಾಲ ಇರೋ ಬೊಟ್ಟೇನ್ರಿ? ತೆಲುಗಿನವರಿಗೂ ಚುಕ್ಕ ಅಂದ್ರ ಹನಿ, ಬೊಟ್ಟು, ಬಾನಿನ ಚುಕ್ಕಿ ಎಲ್ಲಾ ಒಂದ.

ನಕ್ಷತ್ರ ಬ್ಯಾರೆ. ನಕ್ಷತ್ರ ಅಂದ್ರ ಪಂಚಾಂಗದ ಇಪ್ಪತ್ತೇಳು. ಮದವಿ ಮುಂದ ಕೇಳ್ತಾರಲ್ಲ, ‘ಹುಡುಗೀದು ಯಾವ ನಕ್ಷತ್ರ’ ಅಂತ. ರೈತಂಗೆ ನಕ್ಷತ್ರ ಅಂದ್ರ ಮಳಿ: ರೋಹಿಣಿ, ಮಿರಗ, ಆರಿದ್ರಾ. ಕೃಷಿ ಮಂತ್ರಿ ಮುಂದ ‘ನಕ್ಷತ್ರ ಗುರುತಿನ ಪ್ರಶ್ನಿ’ ಅಂತ ಬೋರ್ಡ್ ಇಟ್ರ ಆರಿದ್ರಾ ಮಳಿ ಯಾಕ ಬರಲಿಲ್ಲ ಅಂತ ಕೇಳಾಕತ್ಯಾರ ಅನಸ್ತೈತಿ. ಅದಕ್ಕ ಮಂತ್ರಿ ಏನ್ ಉತ್ರ ಕೊಡ್ತಾನ್ರಿ ಪಾಪ.

ಪದ ಮಾಡಿದವ ಶಾಣ್ಯಾ ಅದಾನ. ಬೆಂಗಳೂರಿನ ಕಿವಿಗೆ ಚುಕ್ಕಿ ಬರೇ ಬೊಟ್ಟಾಗೇತಿ, ಅದು ಬೆಂಗಳೂರಿನ ತಪ್ಪು. ಇಲ್ಲಿ ಲೈಟಿನ ಬೆಳಕಿಗೆ ಚುಕ್ಕಿ ಕಾಣಂಗಿಲ್ಲ, ಅದಕ್ಕ ಇರಬೇಕು.

‘ಉದ್ಭವಿಸುವುದಿಲ್ಲ’ಕ್ಕ ‘ಪ್ರಶ್ನಿ ಏಳಂಗಿಲ್ಲ’ ಅಂದ್ರಾತು. ಪ್ರಶ್ನಿ ಏಳ್ತಾವ, ಹುಟ್ಟಂಗಿಲ್ಲ.

ಎಲ್ಲರಕನ್ನಡಿಗ, ಹೊಸಕೆರೆಹಳ್ಳಿ:

ಕಾಕಾ, ಚುಕ್ಕಿಗೆ ನನ್ನ ಅಡ್ಡಿ ಇಲ್ಲ. ಅದು ನಮ್ಮದೇ. ಆದರೆ ನೀವು ‘ರಯ್ತ’ ಎಂದಿರಲ್ಲ, ಅದು ಅರಬ್ಬಿಯ ರಯ್ಯತ್. ಆಳಿಸಿಕೊಳ್ಳುವವನು, ಪ್ರಜೆ ಎಂಬ ಹುರುಳು. ಹೊಲ ಉಳುವವನಿಗೆ ದೊರೆಯ ಕಡತದ ಪದ ಯಾಕೆ? ಆ ಮಕ್ಕಳ ಬೋರ್ಡಿನಲ್ಲಾದರೂ ‘ಒಕ್ಕಲಿಗ’ ಎಂದು ಬರೆಯಲಿ.

ಸಮಾಜ ಟೀಚರ್, ರಾಜಾಜಿನಗರ:

ಸಾರ್, ಬೋರ್ಡಿನಲ್ಲಿ ರೈತರ ಮಾತೇ ಇಲ್ಲ. ಮತ್ತೆ ‘ಕೃಷಿ ಸಚಿವರೇ, ಒಕ್ಕಲಿಗರಿಗೆ ಮಾತ್ರ ಬೆಳೆ ವಿಮೆಯೇ?’ ಅಂತ ಪೋಷಕರೊಬ್ಬರು ಎದ್ದರೆ ಉತ್ತರ ಹೇಳುವುದು ನಾನು.

ನಿವೃತ್ತ ವರದಿಗಾರ, ಬಸವನಗುಡಿ:

ಜಾತಿಯ ಹೆಸರು, ಕಸುಬಿನ ಹೆಸರು ಎರಡೂ ಆಗಿರುವ ಪದವನ್ನು ಸದನಕ್ಕೆ ತರುವ ಧೈರ್ಯ ಯಾವ ಸಚಿವರಿಗೂ ಇಲ್ಲ. ಈ ಚರ್ಚೆ ಬಿಡಿ.

ಎಲ್ಲರಕನ್ನಡಿಗ, ಹೊಸಕೆರೆಹಳ್ಳಿ:

ಆಯಿತು, ‘ಬೇಸಾಯಗಾರ’.

ಮಲ್ಲೇಶ್ವರ ಎಂಟನೇ ಅಡ್ಡರಸ್ತೆ:

ಬೇಸಾಯ ಎಂದರೆ ಸಂಸ್ಕೃತದ ವ್ಯವಸಾಯದ ತದ್ಭವ, ಸ್ವಾಮಿ. ‘ಗಾರ’ ಕಾರದ ತದ್ಭವ. ತಲೆಯಿಂದ ಬಾಲದವರೆಗೆ ನಮ್ಮ ಕಡೆಯದು. ಹಳೇ ಮೈಸೂರಿನವರ ‘ಆರಂಬಗಾರ’ ತಂದರೂ ಅದು ಆರಂಭವೇ. ಎಲ್ಲಿ ಓಡುತ್ತೀರಿ?

ಧಾರವಾಡದ ಕಾಕಾ:

ಹೋಗ್ಲಿ ಬಿಡ್ರಿ. ಇಲಾಖೆ ಅರಬ್ಬಿ, ಜಿಲ್ಲಾ ಅರಬ್ಬಿ, ತಾಲೂಕು ಅರಬ್ಬಿ, ಜಮೀನು ಪಾರ್ಸಿ, ಫಸಲು ಅರಬ್ಬಿ. ಮಂತ್ರಿ, ಸಚಿವ, ಕೃಷಿ, ಶಿಕ್ಷಣ ಸಂಸ್ಕೃತ. ಎಲ್ಲಾ ತಗದ ಮ್ಯಾಲೆ ಸದನದಾಗ ಉಳಿಯೋದು ಕುರ್ಚಿನೂ ಅಲ್ಲ, ಅದೂ ಅರಬ್ಬಿನ. ನನಗ ಒಂದ ಮಾತು ಭಾಳ ಸೇರ್ತೈತಿ: ಜವಾಬ್ದಾರಿ. ಜವಾಬು ಅಂದ್ರ ಉತ್ರ. ಜವಾಬು ಕೊಡಬೇಕಾದವ ಜವಾಬ್ದಾರ. ಪದದೊಳಗ ಪ್ರಶ್ನೋತ್ತರ ಕಲಾಪ ಅಡಗಿ ಕುಂತೈತಿ. ಈಗ ‘ಉತ್ತರದಾಯಿತ್ವ’ ಅಂತ ಒಂದು ಮಾಡ್ಯಾರ. ಅರ್ಥ ಅದನ, ಆದ್ರ ಯಾರ ಮನ್ಯಾಗೂ ಒಬ್ಬ ತಾಯಿ ಮಗಗ ‘ನಿನಗ ಉತ್ತರದಾಯಿತ್ವ ಇಲ್ಲೇನೋ’ ಅಂತ ಬೈದಿಲ್ಲ.

ಎಲ್ಲರಕನ್ನಡಿಗ, ಹೊಸಕೆರೆಹಳ್ಳಿ:

ಬಯ್ಯಲು ‘ಹೊಣೆ’ ಇದೆ, ಕಾಕಾ. ‘ಹೊಣೆಗೇಡಿ’ ಅಂದು ನೋಡಿ. ನೀವೆಲ್ಲ ನಗುತ್ತೀರಿ, ಆದರೆ ‘ಬಿಸಿಯೂಟ’ ಎಲ್ಲಿಂದ ಬಂತು? ಕಡತದಲ್ಲಿ ಅದು ‘ಮದ್ಯಾಹ್ನ ಉಪಾಹಾರ ಯೋಜನೆ’. ಯಾವ ಮಗು ಹಾಗೆ ಅನ್ನುತ್ತದೆ? ಯಾವ ಮಂತ್ರಿ ಅನ್ನುತ್ತಾನೆ? ಎರಡು ಕನ್ನಡ ಪದ ಕೂಡಿಸಿ ಇಟ್ಟ ಕೂಡಲೇ ರಾಜ್ಯವೇ ಉಂಡಿತು. ಬೆಂಬಲ ಬೆಲೆ, ಬಿತ್ತನೆ ಬೀಜ, ಮುಂಗಾರು, ಹಿಂಗಾರು ಎಲ್ಲ ನಡೆಯುತ್ತಿಲ್ಲವೇ? ನಡೆಯುವುದಿಲ್ಲ ಎನ್ನುವವರು ನಡೆದು ನೋಡಿಲ್ಲ.

ಸಮಾಜ ಟೀಚರ್, ರಾಜಾಜಿನಗರ:

ಬಿಸಿಯೂಟದ ಮಾತು ಒಪ್ಪಿದೆ ಸಾರ್. ನಿಜ. (ಬೆಲೆ, ಬೀಜದ ಬುಡ ಅಗೆಯಲು ದಯವಿಟ್ಟು ಯಾರೂ ಹೊರಡಬೇಡಿ, ನನಗೆ ಗಂಟೆ ಹತ್ತೂವರೆ ಆಯಿತು.)

ಕಾಕಾ, ನಿಮ್ಮ ಬೆಳ್ಳಿಚುಕ್ಕಿಯಿಂದ ನನ್ನ ತಲೆಬಿಸಿ ಇಳಿಯಿತು. ಅಂಗಡಿಗೆ ಫೋನ್ ಮಾಡಿ ‘ಚುಕ್ಕೆ ಬೇಡ, ಆಕಾಶದ ಚುಕ್ಕಿ ಹಾಕು’ ಅಂದೆ. ‘ಮೇಡಂ, ಸ್ಟಾರಾ? ಕ್ರಿಸ್ಮಸ್ ಸ್ಟಾರಾ, ಫೋನಲ್ಲಿರೋ ಸ್ಟಾರಾ?’ ಅಂದ. ಫೋನಲ್ಲಿರೋದು ಅಂದೆ. ‘ಕಂಡೀಷನ್ಸ್ ಅಪ್ಲೈ ಅಂತ ಕೆಳಗೆ ಸಣ್ಣದಾಗಿ ಹಾಕ್ತಾರಲ್ಲ, ಅದೇ ತಾನೆ?’ ಅಂದ. ಮಂತ್ರಿಗಳ ಉತ್ತರಕ್ಕೆ ಅದೂ ಹೊಂದುತ್ತದೆ ಅನ್ನಿಸಿ ಹೂಂ ಅಂದುಬಿಟ್ಟೆ.

ಈಗ ‘ಎಲೆಚುಕ್ಕೆ ರೋಗದ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ’ ಎಂದು ಓದುವ ಹುಡುಗ ನಗು ತಡೆಯಲಾರದೆ ಒದ್ದಾಡುತ್ತಿದ್ದಾನೆ. ಕೃಷಿ ಸಚಿವೆಯಾದ ಹುಡುಗಿ ಗಂಭೀರವಾಗಿ ಉತ್ತರ ಬಾಯಿಪಾಠ ಮಾಡಿದ್ದಾಳೆ.

ನಿವೃತ್ತ ವರದಿಗಾರ, ಬಸವನಗುಡಿ:

ಅಡಿಕೆ ಕೃಷಿ ಸಚಿವರಿಗೆ ಬರುವುದಿಲ್ಲ. ತೋಟಗಾರಿಕೆ. ಪ್ರಶ್ನೆ ತಪ್ಪು ಇಲಾಖೆಗೆ ಹೋದರೆ ಉತ್ತರ ಬರುವ ಹೊತ್ತಿಗೆ ಎಲೆಯೇ ಇರುವುದಿಲ್ಲ. ರಾಗಿ, ತೊಗರಿ ಏನಾದರೂ ಇದ್ದರೆ ಕೃಷಿಗೆ ಕೊಡಿ. ಅಡಿಕೆಗೆ ಇನ್ನೊಬ್ಬ ಹುಡುಗನನ್ನು ಮಂತ್ರಿ ಮಾಡಿ. ಮಂತ್ರಿ ಮಂಡಲ ವಿಸ್ತರಣೆಗೆ ನಿಮ್ಮಲ್ಲಿ ಯಾರೂ ಬಂಡಾಯ ಏಳಲಾರರು ಅಂದುಕೊಳ್ಳುತ್ತೇನೆ.

ಮಲ್ಲೇಶ್ವರ ಎಂಟನೇ ಅಡ್ಡರಸ್ತೆ:

ತಾರಾಂಕಿತವೇ ಸರಿ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ. ದಾಖಲಾಗಿರಲಿ.

ಸಮಾಜ ಟೀಚರ್, ರಾಜಾಜಿನಗರ (ಶನಿವಾರ ಸಂಜೆ):

ಮುಗಿಯಿತು. ಎಲ್ಲರಿಗೂ ಕೈ ಮುಗಿದೆ. ಫೋಟೊ ಲಗತ್ತಿಸಿದ್ದೇನೆ. ‘ಉದ್ಭವಿಸುವುದಿಲ್ಲ’ವನ್ನು ಮೂರು ಜನ ಸರಿಯಾಗಿ ಹೇಳಿದರು, ಒಬ್ಬಳು ‘ಪ್ರಶ್ನೆ ಏಳೋದೇ ಇಲ್ಲ’ ಎಂದು ಕೈ ಬೀಸಿ ಕೂತಳು. ಹೆಚ್ಚು ಚಪ್ಪಾಳೆ ಅವಳಿಗೇ ಬಿತ್ತು. ಅತಿಥಿ ಶಿಕ್ಷಕರ ಸಂಬಳದ ಉಪಪ್ರಶ್ನೆಗೆ ಶಿಕ್ಷಣ ಸಚಿವ ‘ಪರಿಶೀಲನೆಯಲ್ಲಿದೆ’ ಎಂದಾಗ ಹಿಂದಿನ ಸಾಲಿನಲ್ಲಿದ್ದ ನಮ್ಮ ಅತಿಥಿ ಶಿಕ್ಷಕರು ಮಾತ್ರ ನಗಲಿಲ್ಲ.

ನಿವೃತ್ತ ವರದಿಗಾರ, ಬಸವನಗುಡಿ:

ಫೋಟೊ ನೋಡಿದೆ. ಚುಕ್ಕೆ ಸರಿ ಇದೆ. ಹಿಂದೆ ಎತ್ತರದ ಕುರ್ಚಿಯ ಮೇಲೆ ‘ಸಭಾಪತಿ’ ಎಂದು ಬೋರ್ಡ್ ಇದೆ, ಗೋಡೆಯ ಮೇಲೆ ‘ಮಕ್ಕಳ ವಿಧಾನಸಭೆ’ ಎಂದಿದೆ. ಸಭಾಪತಿ ಪರಿಷತ್ತಿಗೆ. ವಿಧಾನಸಭೆಗೆ ಸಭಾಧ್ಯಕ್ಷರು. ಇದನ್ನು ಮೊದಲೇ ಕೇಳಬಾರದಿತ್ತೇ?

ಎಲ್ಲರಕನ್ನಡಿಗ, ಹೊಸಕೆರೆಹಳ್ಳಿ:

ಕೂತಿರುವುದು ಹುಡುಗಿ. ‘ಪತಿ’ ಅಂತೆ.

ನಿವೃತ್ತ ವರದಿಗಾರ, ಬಸವನಗುಡಿ:

ಹುದ್ದೆಗೆ ಗಂಡು ಹೆಣ್ಣಿಲ್ಲ. 1972ರಲ್ಲಿ ಕೆ.ಎಸ್. ನಾಗರತ್ನಮ್ಮನವರು ವಿಧಾನಸಭೆಯ ಆ ಕುರ್ಚಿಯಲ್ಲಿ ಕೂತಾಗಲೂ ‘ಸಭಾಧ್ಯಕ್ಷರು’ ಎಂಬ ಪದ ಮುರಿದು ಬೀಳಲಿಲ್ಲ.

ಸಮಾಜ ಟೀಚರ್, ರಾಜಾಜಿನಗರ:

ಅಯ್ಯೋ ಸಾರ್, ಫೋಮ್ ಬೋರ್ಡ್ ವಾಪಸ್ ತಗೊಳ್ಳಲ್ಲ ಅಂದುಬಿಟ್ಟಿದ್ದಾರೆ. ಮುಂದಿನ ತಿಂಗಳು ಇನ್ನೊಂದು ಅಧಿವೇಶನ ಬೇರೆ ಇದೆ. ಮಕ್ಕಳಿಗೆ ಹೇಳಿದೆ. ಐದು ನಿಮಿಷ ಗುಸುಗುಸು ಮಾಡಿ ಅವರೇ ನಿರ್ಧಾರ ಮಾಡಿದರು: ಬೋರ್ಡ್ ಹಾಗೇ ಇರಲಿ, ಗೋಡೆಯ ಮೇಲಿನ ಕಾಗದ ಕಿತ್ತು ‘ಮಕ್ಕಳ ವಿಧಾನ ಪರಿಷತ್ತು’ ಎಂದು ಬರೆಯೋಣ, ಕಾಗದ ತಾನೆ. ಅಲ್ಲಿ 75 ಸ್ಥಾನದಲ್ಲಿ 7 ಶಿಕ್ಷಕರ ಕ್ಷೇತ್ರದ್ದಂತೆ, ಹಾಗಾಗಿ ಟೀಚರ್ ನೀವೂ ಕೂರಬಹುದು ಅಂದರು. ನನಗೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟಿದ್ದಾರೆ, ಚುಕ್ಕೆ ಗುರುತಿಲ್ಲದ ಮೇಜಿನ ಪಕ್ಕ.