ನಿಂತು ಮಾಡುವ ಚಿಗಾಂಗ್: ಕಾಲು ನಡುಗಿದರೆ ನಿಲ್ಲಿಸಬೇಕೋ, ಮುಂದುವರಿಸಬೇಕೋ?

ಕುರ್ಚಿಗಂಟಿದವಳು:
ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಸೊಂಟ, ಹೆಗಲು ಎರಡೂ ಹಿಡಿದುಕೊಂಡಿವೆ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ತೂಕಡಿಕೆ. ಅದಕ್ಕೇ ವಿಡಿಯೋ ನೋಡಿಕೊಂಡು ಚಿಗಾಂಗ್ ಅನ್ನುವ ಚೀನೀ ಅಭ್ಯಾಸದಲ್ಲಿ ಬರುವ ಜಾನ್ ಜುವಾಂಗ್ ಶುರು ಮಾಡಿದೆ, ಅದೇ ಮರ ತಬ್ಬಿದ ಹಾಗೆ ಕೈ ಎತ್ತಿ ಸುಮ್ಮನೆ ನಿಲ್ಲೋದು. ಐದಾರು ನಿಮಿಷಕ್ಕೆ ಹೆಗಲು ಉರಿಯುತ್ತದೆ, ತೊಡೆ ಗಡಗಡ ನಡುಗುತ್ತದೆ. ವಿಡಿಯೋದವರು "ನಡುಕ ಬಂತು ಅಂದರೆ ಚಿ ಹರಿಯುತ್ತಿದೆ, ಬಿಡಬೇಡಿ, ಇಪ್ಪತ್ತು ನಿಮಿಷ ದಾಟಿಸಿ" ಅನ್ನುತ್ತಾರೆ. ಚಿ ಅಂದರೆ ಮೈಯಲ್ಲಿ ಹರಿಯುವ ಪ್ರಾಣಶಕ್ತಿಯಂತೆ. ಮೊನ್ನೆ ಹಾಗೇ ಹಟ ಹಿಡಿದು ನಿಂತಾಗ ತಲೆ ಸುತ್ತಿ ಬಂತು. ಇನ್ನು ಮನಶ್ಶಾಂತಿ ಅಂತೀರಾ, ಇಡೀ ಹೊತ್ತು ಗಡಿಯಾರದ ಮೇಲೇ ಕಣ್ಣು. ಮಾಡುತ್ತಿರುವುದು ಸರಿಯಾ?

ಹಳೇಕಂಬ:
ನಡುಗಿದರೆ ಗಾಬರಿ ಬೇಡ, ಹಾಗಂತ ಅದನ್ನೇ ಸಾಧನೆ ಅಂದುಕೊಳ್ಳುವುದೂ ಬೇಡ. ದಣಿದ ಸ್ನಾಯು ಒಂದೇ ಭಾರವನ್ನು ಹೊತ್ತುಕೊಂಡೇ ಇದ್ದರೆ ಅದರ ಎಳೆಗಳ ಬಿಗಿತ ಏರುಪೇರಾಗುತ್ತದೆ, ಅದೇ ನಡುಕ. ವರ್ಷಗಟ್ಟಲೆ ನಿಂತವನು ನಾನು, ಈಗಲೂ ಕೆಲವು ದಿನ ತೊಡೆ ನಡುಗುತ್ತದೆ. ಸಣ್ಣಗೆ ನಡುಗುತ್ತಿದ್ದು ಉಸಿರು ಸಲೀಸಾಗಿದ್ದರೆ ಇನ್ನರ್ಧ ನಿಮಿಷ ನಿಲ್ಲುತ್ತೇನೆ. ಹಲ್ಲು ಕಚ್ಚಬೇಕಾಗಿ ಬಂದರೆ ಕೈ ಇಳಿಸುತ್ತೇನೆ. ಹಲ್ಲು ಕಚ್ಚಿದ ಮೇಲೆ ನೀವು ಅಭ್ಯಾಸ ಮಾಡುವುದು ಬಿಗಿತವನ್ನೇ, ಅದು ಆಫೀಸಿನಲ್ಲಿ ಬೇಕಾದಷ್ಟು ಆಗುತ್ತಿದೆ ಅಲ್ಲವೇ!

ಇಲ್ಲಿ ಕೆಲಸ ಇರುವುದು ಒಂದೇ: ಬಿದ್ದುಹೋಗದಷ್ಟು ಬಿಗಿ ಉಳಿಸಿಕೊಂಡು ಮಿಕ್ಕ ಬಿಗಿಯನ್ನೆಲ್ಲ ಹುಡುಕಿ ಹುಡುಕಿ ಬಿಡುವುದು. ಮೊದಲು ಕಾಲಿನ ಬೆರಳು ನೋಡಿಕೊಳ್ಳಿ. ನೆಲವನ್ನು ಗೀರುವ ಹಾಗೆ ಮುದುಡಿದ್ದರೆ ಭಾರ ಮುಂದಕ್ಕೆ ಬಿದ್ದಿದೆ ಅಂತ ಅರ್ಥ. ಒಂದು ಚೂರು ಹಿಂದೆ ಸರಿದರೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ, ಮೀನಖಂಡದ ಬಿಗಿಯೂ ಇಳಿಯುತ್ತದೆ. ಮಂಡಿ ಬಹಳ ಬಗ್ಗಿಸಬೇಕಿಲ್ಲ, ಬೀಗ ಹಾಕಿದ ಹಾಗೆ ಸೆಟೆದಿರದಿದ್ದರೆ ಸಾಕು. ಅದು ಬೆರಳು ನೋಡುವ ದಿಕ್ಕಿಗೇ ನೋಡಬೇಕು, ಒಳಕ್ಕೆ ಬೀಳಬಾರದು. ಸೊಂಟಕ್ಕೆ ನಾನು ಹೇಳಿಕೊಡುವುದು ಇಷ್ಟೇ: ಎತ್ತರದ ಸ್ಟೂಲಿನ ಮೇಲೆ ಇನ್ನೇನು ಕೂರಬೇಕು ಅನ್ನುವ ಕ್ಷಣದಲ್ಲಿ ಹೇಗಿರುತ್ತೀರೋ ಹಾಗೆ.

ಹೆಗಲಿನ ಉರಿಗೆ ಮುಕ್ಕಾಲು ಪಾಲು ಕಾರಣ ಮೊಣಕೈ. ಅದು ಮಣಿಕಟ್ಟಿಗಿಂತ ಮೇಲೆ ಹೋಯಿತೆಂದರೆ ಹೆಗಲು ಕಿವಿಯತ್ತ ಏರಿಬಿಡುತ್ತದೆ. ಇಳಿಸಿ, ಆದರೆ ಪಕ್ಕೆಗೆ ಒತ್ತಬೇಡಿ, ಕಂಕುಳಲ್ಲಿ ಗಾಳಿ ಆಡುವಷ್ಟು ಜಾಗ ಇರಲಿ. ಎದೆಯ ಮಟ್ಟಕ್ಕೆ ಕೈ ಎತ್ತಲೇಬೇಕೆಂದು ಯಾರೂ ಕಾನೂನು ಮಾಡಿಲ್ಲ. ಹೊಕ್ಕುಳ ಮಟ್ಟದಲ್ಲೂ ಹಿಡಿಯಬಹುದು. ಅದಕ್ಕೂ ಮೊದಲು ಕೈ ಇಳಿಬಿಟ್ಟು ನಿಲ್ಲುವ ವೂಜಿ ಭಂಗಿ ಇದೆ. ಅದನ್ನು ಎಲ್ಲರೂ ಹಾರಿಸುತ್ತಾರೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ! ನೀವು ಕೆಲವು ವಾರ ಅದರಲ್ಲೇ ಇರಿ. ಐದು ನಿಮಿಷದಿಂದ ಶುರು, ವಾರಕ್ಕೆ ಒಂದೇ ನಿಮಿಷ ಹೆಚ್ಚಿಸಿ.

ಗಡಿಯಾರ ನೋಡುವ ಚಟಕ್ಕೆ ಮೊಬೈಲಿನಲ್ಲಿ ಮೆತ್ತಗಿನ ಅಲಾರಂ ಇಟ್ಟು ಬೆನ್ನು ತಿರುಗಿಸಿ ನಿಂತುಬಿಡಿ. ಮನಸ್ಸು ಖಾಲಿ ಮಾಡಲು ಹೋಗಬೇಡಿ, ಆಗುವ ಮಾತಲ್ಲ. ಕಣ್ಣು ಅರ್ಧ ತೆರೆದಿರಲಿ, ಗಮನ ಅಂಗಾಲಿಗೆ. ಹಿಮ್ಮಡಿಯಲ್ಲಿ ಎಷ್ಟು ಭಾರ, ಎಡಕ್ಕೆ ಹೆಚ್ಚೋ ಬಲಕ್ಕೋ ಅಂತ ನೋಡುತ್ತಾ ಇರಿ. ನಿಂತ ಮೈ ಸದಾ ಒಂದಿಷ್ಟು ತೂಗುತ್ತಲೇ ಇರುತ್ತದೆ, ಅದು ಗೊತ್ತಾಗಲು ಶುರುವಾದಾಗ ತಲೆಯೊಳಗಿನ ಗದ್ದಲಕ್ಕೆ ಕಿವಿಗೊಡಲು ಪುರುಸೊತ್ತು ಇರುವುದಿಲ್ಲ. ನನಗೆ ಸಿಕ್ಕ ಶಾಂತಿ ಅಷ್ಟೇ, ಅದು ಕಡಿಮೆಯೇನಲ್ಲ.

ಫಿಸಿಯೋ_ಒಬ್ಬ:
ತಲೆ ಸುತ್ತಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಾಡದೆ ನಿಂತರೆ ಕಾಲಿನಲ್ಲಿ ರಕ್ತ ನಿಲ್ಲುತ್ತದೆ. ಮೀನಖಂಡದ ಸ್ನಾಯು ಹಿಂಡಿದರೆ ತಾನೇ ಅದು ಮೇಲಕ್ಕೆ ಹೋಗುವುದು. ಮಂಡಿ ಸೆಟೆದಿದ್ದರೆ, ಸೆಕೆಯ ಕೋಣೆಯಾದರೆ, ಹೊಟ್ಟೆ ಖಾಲಿ ಇದ್ದರೆ ಕಣ್ಣು ಕತ್ತಲೆ ಬರುವುದು ಇನ್ನೂ ಸುಲಭ. ಆಗ ಕೂಡಲೇ ಕೂತುಕೊಳ್ಳಿ, ಸಾಧ್ಯವಾದರೆ ಮಲಗಿ ಕಾಲು ಮೇಲೆ ಮಾಡಿ. ಉಸಿರು ಕಟ್ಟಿ ನಿಲ್ಲುವುದಂತೂ ಬೇಡವೇ ಬೇಡ. ಸ್ನಾಯು ಬಿಗಿಹಿಡಿದಾಗ ಬಿಪಿ ಏರುವುದೇ ಸಹಜ, ಉಸಿರು ಕಟ್ಟಿದರೆ ಮತ್ತಷ್ಟು ಏರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳಿ ಶುರು ಮಾಡಲಿ. ಮಂಡಿಯ ಕೀಲಿನ ಒಳಗೆ ಚುಚ್ಚಿದರೆ ಅದು ದಣಿವಲ್ಲ, ಅಲ್ಲಿಗೇ ನಿಲ್ಲಿಸಿ.

ಹಿಂದೆ ಮನೋರೋಗ ಇದ್ದವರು ಗಂಟೆಗಟ್ಟಲೆ ನಿಂತು 'ಚಿ'ಯ ಅನುಭವದ ಬೆನ್ನುಹತ್ತುವುದೂ ಒಳ್ಳೆಯದಲ್ಲ. ಅಮೆರಿಕದ ಮನೋವೈದ್ಯರ ಸಂಘದ 1994ರ ಕೈಪಿಡಿಯಲ್ಲೇ ಚಿಗಾಂಗ್ ಅಭ್ಯಾಸದ ನಂತರ ಕಾಣುವ ಮಾನಸಿಕ ತೊಂದರೆಯ ಉಲ್ಲೇಖವಿದೆ.

ಬೇರುಬಿಟ್ಟವ:
ಎಲ್ಲವನ್ನೂ ಸ್ನಾಯು, ರಕ್ತ ಅಂತ ಇಳಿಸಿಬಿಟ್ಟರೆ ಹೇಗೆ ಸ್ವಾಮಿ? ಐದು ಸಾವಿರ ವರ್ಷದ ವಿದ್ಯೆ ಇದು. ಅಂಗೈ ಬಿಸಿಯಾಗುತ್ತದೆ, ಜುಮ್ಮೆನ್ನುತ್ತದೆ, ನನಗೇ ಆಗಿದೆ. ನಂಬಿಕೆ ಇಲ್ಲದೆ ನಿಂತರೆ ಫಲವಿಲ್ಲ.

ಹಳೇಕಂಬ:
ನನ್ನ ಅಂಗೈಯೂ ಬಿಸಿಯಾಗುತ್ತದೆ, ಅಲ್ಲಗಳೆಯುವುದಿಲ್ಲ. ಅದನ್ನು ಚಿ ಅನ್ನಿ, ಮೈ ಸಡಿಲವಾಗಿ ರಕ್ತ ಕೈಗಿಳಿಯಿತು ಅನ್ನಿ, ನಿಲ್ಲುವ ರೀತಿ ಬದಲಾಗುವುದಿಲ್ಲವಲ್ಲ. ಆದರೆ ಆ ಐದು ಸಾವಿರದ ಲೆಕ್ಕ ಬೇಡ. 1970ರ ದಶಕದಲ್ಲಿ ಚೀನಾದ ಮಾವಾಂಗ್‌ದುಯ್ ಸಮಾಧಿಯಲ್ಲಿ ಸಿಕ್ಕ ರೇಷ್ಮೆ ಚಿತ್ರಪಟ ಕ್ರಿ.ಪೂ. 2ನೇ ಶತಮಾನದ್ದು. ಅದರಲ್ಲಿ 44 ಮಂದಿ ವ್ಯಾಯಾಮ ಮಾಡುತ್ತಿದ್ದಾರೆ, ಬಹುಪಾಲು ಮೈ ಚಾಚುವ, ಬಾಗುವ ಭಂಗಿಗಳೇ. ಇಂಥ ಎಲ್ಲ ಅಭ್ಯಾಸಗಳಿಗೂ ಸೇರಿಸಿ 'ಚಿಗಾಂಗ್' ಅನ್ನುವ ಹೆಸರು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ನಿಲ್ಲುವುದನ್ನೇ ಮುಖ್ಯ ಮಾಡಿದ ವಾಂಗ್ ಶಿಯಾಂಗ್‌ಜಾಯ್ ಯೀಚುವಾನ್ ಅನ್ನುವ ಹೋರಾಟದ ಕಲೆ ಕಟ್ಟಿದವರು, 1963ರಲ್ಲಿ ತೀರಿಕೊಂಡರು. ಆರೋಗ್ಯಕ್ಕೆಂದು ಬಂದವರನ್ನೂ ಅವರು ಇದೇ ಭಂಗಿಗಳಲ್ಲಿ ನಿಲ್ಲಿಸುತ್ತಿದ್ದರು. ಹಳೆಯದು ಅಂತ ಹೇಳಿಸಿಕೊಳ್ಳಲು ಇಷ್ಟು ಸಾಲದೇ?

ಇನ್ನೊಂದು. ವಯಸ್ಸಾದವರು ಬೀಳುವುದು ಕಡಿಮೆಯಾಗುತ್ತದೆ ಅನ್ನಲು ಗಟ್ಟಿ ಪುರಾವೆ ಇರುವುದು ತಾಯ್‌ಚಿಗೆ, ಅಂದರೆ ಚಲಿಸುವ ಅಭ್ಯಾಸಕ್ಕೆ. ಬರೀ ನಿಲ್ಲುವುದಕ್ಕೆ ಅಷ್ಟು ಪುರಾವೆ ಇಲ್ಲ. ಅದಕ್ಕೇ ನಿಂತ ಮೇಲೆ ಸ್ವಲ್ಪ ನಡೆಯಿರಿ, ಮೈ ತಿರುಗಿಸಿ ಅನ್ನುತ್ತೇನೆ. ಇದೊಂದೇ ವ್ಯಾಯಾಮ ಸಾಕು ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಕುರ್ಚಿಗಂಟಿದವಳು:
ಮೊಣಕೈ ಇಳಿಸಿ ನೋಡಿದೆ, ವ್ಯತ್ಯಾಸ ತಕ್ಷಣ ಗೊತ್ತಾಯಿತು! ಕಾಲಿನ ಬೆರಳಂತೂ ನೀವು ಹೇಳಿದ ಹಾಗೇ ಮುದುಡಿಕೊಂಡಿತ್ತು. ಬರಿಗಾಲಲ್ಲೇ ನಿಲ್ಲಬೇಕಾ? ಊಟ ಆದ ಮೇಲೆ ಮಾಡಬಹುದಾ?

ಹಳೇಕಂಬ:
ಬರಿಗಾಲು ಒಳ್ಳೆಯದು. ನೆಲ ತಣ್ಣಗಿದ್ದರೆ ತೆಳು ಚಾಪೆ ಹಾಸಿಕೊಳ್ಳಿ, ದಪ್ಪ ಮ್ಯಾಟ್ ಬೇಡ, ಅಂಗಾಲಿಗೆ ನೆಲವೇ ತಿಳಿಯುವುದಿಲ್ಲ. ಚಪ್ಪಟೆ ಅಟ್ಟೆಯ ಶೂ ಆದರೂ ನಡೆಯುತ್ತದೆ, ಹೀಲ್ಸ್ ಬೇಡ. ಊಟವಾಗಿ ಒಂದು ಗಂಟೆ ಕಳೆಯಲಿ. ಮುಗಿಸುವಾಗ ಥಟ್ಟನೆ ಹೊರಡಬೇಡಿ, ಕೈ ಎರಡನ್ನೂ ಹೊಕ್ಕುಳ ಕೆಳಗೆ ಇಟ್ಟು ನಾಲ್ಕೈದು ಉಸಿರು ತೆಗೆದುಕೊಂಡು, ಹಿಮ್ಮಡಿ ಎತ್ತಿ ಇಳಿಸಿ, ಆಮೇಲೆ ನಡೆಯಿರಿ. ತಲೆಸುತ್ತು ಮತ್ತೆ ಬಂದರೆ ನನ್ನನ್ನು ಕೇಳುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.