ಇಎನ್24 ಶಾಫ್ಟ್: ಹಾರ್ಡ್‌ನೆಸ್ ಸರಿಯಿದೆ, ಚಾರ್ಪಿ ಮಾತ್ರ ನೆಲಕಚ್ಚಿದೆ

ಭೋಸರಿ_ಕುಲುಮೆ:
90 ಮಿಮೀ ಇಎನ್24 (ನಿಕಲ್-ಕ್ರೋಮ್-ಮಾಲಿಬ್ಡಿನಮ್ ಸ್ಟೀಲ್) ಶಾಫ್ಟ್. 840 ಡಿಗ್ರಿಯಿಂದ ಎಣ್ಣೆಗೆ ಹಾಕಿ, 620ರಲ್ಲಿ ನಾಲ್ಕು ಗಂಟೆ ಟೆಂಪರ್ (ಪೆಡಸುತನ ತಗ್ಗಿಸಲು ಮತ್ತೆ ಕಾಯಿಸುವುದು). ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚ್) ಒಂದೇ, ಎರಡೂ ಲಾಟ್ 30 ಎಚ್‌ಆರ್‌ಸಿ (ರಾಕ್‌ವೆಲ್ ಹಾರ್ಡ್‌ನೆಸ್). ಆದರೆ ಮೊದಲನೆಯದಕ್ಕೆ ಚಾರ್ಪಿ (ಸುತ್ತಿಗೆ ಹೊಡೆತಕ್ಕೆ ತುಂಡು ಮುರಿಯುವಾಗ ಹೀರುವ ಶಕ್ತಿ) 62 ಜೂಲ್, ಎರಡನೆಯದಕ್ಕೆ 17. ನೈಟಾಲ್ (ಒಳರಚನೆ ತೋರಿಸುವ ಆಸಿಡ್ ದ್ರಾವಣ) ಹಾಕಿದರೆ ಎರಡರಲ್ಲೂ ಟೆಂಪರ್ಡ್ ಮಾರ್ಟೆನ್ಸೈಟೇ, ಅಂದರೆ ಬರಬೇಕಾದ ರಚನೆಯೇ ಕಾಣುತ್ತದೆ. ಎರಡನೆಯದರ ಮುರಿದ ಮುಖ ಮಾತ್ರ ಕಲ್ಲುಸಕ್ಕರೆ ಒಡೆದ ಹಾಗೆ ಮಿಣಮಿಣ. ಅದರ ಟೆಂಪರ್ ಮುಗಿದದ್ದು ಬುಧವಾರ ರಾತ್ರಿ. ಗುರುವಾರ ವಾರದ ರಜೆ ಅಂತ ಕುಲುಮೆ ಆರಿಸಿ, ಬಾಗಿಲು ಮುಚ್ಚಿ ಹೋಗಿದ್ದಾರೆ. ಇಡೀ ಲಾಟ್ ಗುಜರಿಗಾ?

ಚಾಕಣ_ಮೆಟ್:
ಗುಜರಿಗೆ ಬೇಡ. ಆ ಗುರುವಾರವೇ ಕಾರಣ, ಇದು ಟೆಂಪರ್ ಎಂಬ್ರಿಟಲ್‌ಮೆಂಟ್ (ಟೆಂಪರ್ ಆದಮೇಲೆ ನಿಧಾನ ತಣಿದು ಸ್ಟೀಲ್ ಪೆಡಸಾಗುವುದು). 575ರಿಂದ 375ಕ್ಕೆ ನಿಧಾನವಾಗಿ ಇಳಿದರೆ ಫಾಸ್ಫರಸ್, ತವರ, ಆಂಟಿಮನಿ ಹಳೆಯ ಆಸ್ಟೆನೈಟ್ ಗ್ರೇನ್‌ಗಳ (840ರಲ್ಲಿ ಕಾದಾಗ ಇದ್ದ ಹರಳುಗಳ) ಗಡಿಗೆ ಬಂದು ಕೂರುತ್ತವೆ. ಗ್ರೇನ್ ಒಳಗೆ ಹೆಚ್ಚೇನೂ ಬದಲಾಗುವುದಿಲ್ಲ, ಹಾಗಾಗಿ ರಾಕ್‌ವೆಲ್‌ಗೆ ಸುಳಿವೇ ಸಿಗದು. ನಿಕಲ್-ಕ್ರೋಮ್ ಸ್ಟೀಲಿಗೆ ಇದು ಹುಟ್ಟುಗುಣ, ಇಎನ್24ರ 0.2–0.35% ಮಾಲಿಬ್ಡಿನಮ್ ತಡಮಾಡುತ್ತದೆ, ತಡೆಯುವುದಿಲ್ಲ.

610ಕ್ಕೆ ಮತ್ತೆ ಕಾಯಿಸಿ. ಒಳತಿರುಳು ಆ ಉಷ್ಣಕ್ಕೆ ಬಂದ ಮೇಲೆ ಎರಡು ಗಂಟೆ ಹಿಡಿದು, ನೇರ ಎಣ್ಣೆಗೆ. 620 ದಾಟಿದರೆ ಹಾರ್ಡ್‌ನೆಸ್ ಇಳಿಯುತ್ತದೆ. ಆಮೇಲೆ ಯಾರಾದರೂ ಸ್ಟ್ರೆಸ್ ರಿಲೀವ್ (ಒಳಬಿಗಿತ ಇಳಿಸುವುದು) ಅಂತ 500ಕ್ಕೆ ಇಟ್ಟರೆ ಮತ್ತೆ ಅದೇ ಕಥೆ.

ಪಿಕ್ರಿಕ್_ಪ್ರಿಯ:
ರೋಗನಿರ್ಣಯ ಸರಿಯಿರಬಹುದು, ಆದರೆ ಫೋರ್ಜಿಂಗ್‌ನಲ್ಲಿ ಅತಿಯಾಗಿ ಕಾದು ಗ್ರೇನ್ ದಪ್ಪಗಾದರೂ ಹರಳು ಹರಳು ಮುಖ ಬರುತ್ತದೆ. ನೈಟಾಲ್ ಇಲ್ಲಿ ಕುರುಡು. ಸ್ಯಾಚುರೇಟೆಡ್ ಪಿಕ್ರಿಕ್ ದ್ರಾವಣಕ್ಕೆ ಒಂದಿಷ್ಟು ವೆಟಿಂಗ್ ಏಜೆಂಟ್ ಹಾಕಿ ಎಚ್ ಮಾಡಿ, ಹಳೆಯ ಗಡಿಗಳು ಎದ್ದು ಕಾಣುತ್ತವೆ. (ಪಿಕ್ರಿಕ್ ಪುಡಿ ಒಣಗಲು ಬಿಡಬೇಡಿ, ಸಿಡಿಯುವ ವಸ್ತು.) ಎಎಸ್‌ಟಿಎಂ ಗ್ರೇನ್ ನಂಬರ್ (ನಂಬರ್ ದೊಡ್ಡದಾದಷ್ಟೂ ಗ್ರೇನ್ ಸಣ್ಣದು) 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಾಕಣದವರ ಮಾತೇ ನಿಜ. 2–3 ಬಂದರೆ ರೀಟೆಂಪರ್ ದಂಡ. 870ರಲ್ಲಿ ನಾರ್ಮಲೈಸ್ ಮಾಡಿ (ಕಾಯಿಸಿ ಗಾಳಿಯಲ್ಲಿ ತಣಿಸಿ) ಮೊದಲಿಂದ ಹಾರ್ಡನ್ ಮಾಡಬೇಕು. ಎರಡೂ ಲಾಟಿನ ನಾಚ್ (ಚಾರ್ಪಿ ತುಂಡಿನ ಕಚ್ಚು) ಒಂದೇ ದಿಕ್ಕಿನಲ್ಲಿತ್ತಾ? ಸ್ಯಾಂಪಲ್ ಅಡ್ಡಕ್ಕೆ ಕತ್ತರಿಸಿದ್ದರೆ ಮ್ಯಾಂಗನೀಸ್ ಸಲ್ಫೈಡ್ ಎಳೆಗಳೇ ಜೂಲ್ ತಿನ್ನುತ್ತವೆ.

ಭೋಸರಿ_ಕುಲುಮೆ:
ಎರಡೂ ಉದ್ದಕ್ಕೇ, ಮಿಡ್-ರೇಡಿಯಸ್‌ನಿಂದ (ನಡುವಿಗೂ ಹೊರಮೈಗೂ ಮಧ್ಯದಿಂದ). ಗ್ರೇನ್ 7. ಮೊದಲು 12 ಮಿಮೀ ಚೌಕ ತುಂಡುಗಳನ್ನು ರೀಟೆಂಪರ್ ಮಾಡಿ ನೋಡಿದರೆ ಸಾಕಾ?

ಚಾಕಣ_ಮೆಟ್:
ಕಾರಣ ಗೊತ್ತುಮಾಡಿಕೊಳ್ಳಲು ಸಾಕು, ಲಾಟ್ ಪಾಸ್ ಮಾಡಲು ಸಾಲದು. ಸಣ್ಣ ತುಂಡು ಎಣ್ಣೆಯಲ್ಲಿ ಕ್ಷಣದಲ್ಲಿ ತಣಿಯುತ್ತದೆ, 90 ಮಿಮೀ ತಿರುಳು ಹಾಗಲ್ಲ. ಪೂರ್ತಿ ಶಾಫ್ಟ್ ಒಂದನ್ನು ರೀಟೆಂಪರ್ ಮಾಡಿ, ಅದನ್ನೇ ಕೊಯ್ದು ಮಿಡ್-ರೇಡಿಯಸ್‌ನಿಂದ ಮೂರು ಸ್ಯಾಂಪಲ್ ತೆಗೆಯಿರಿ. ನಾಚ್ ಹಾಕುವುದು ಕೊನೆಗೆ.