ಮೈ ಜಾಸ್ತಿ ಬಾಗದಿದ್ದರೂ ಸ್ಪಿನ್ ಬರುತ್ತಾ?

ಪ್ರಶ್ನೆ (ಕಾರವಾರ)

ನಮ್ಮ ಕಡೆ ಐಸ್ ರಿಂಕ್ ಇಲ್ಲವಲ್ಲ, ಕ್ವಾಡ್ ಸ್ಕೇಟ್ (ಮುಂದೆ ಎರಡು, ಹಿಂದೆ ಎರಡು ಚಕ್ರದ್ದು) ಹಾಕಿ ಸಿಮೆಂಟ್ ನೆಲದ ಮೇಲೇ ಫಿಗರ್ ಸ್ಕೇಟಿಂಗ್ ಕಲಿಯುತ್ತಿದ್ದೇನೆ. ನಿಂತು ತಿರುಗುವ ಸ್ಪಿನ್‌ನಲ್ಲಿ ಎರಡು ಮೂರು ಸುತ್ತು ಆಗುವಷ್ಟರಲ್ಲಿ ಪಕ್ಕಕ್ಕೆ ಸರಿದುಹೋಗುತ್ತೇನೆ. ನನ್ನ ಮೈ ಅಷ್ಟೇನೂ ಬಾಗುವುದಿಲ್ಲ. ಅದಕ್ಕೇ ಸ್ಪಿನ್ ನಿಲ್ಲುತ್ತಿಲ್ಲ ಅಂತಾರೆ ಜೊತೆಯವರು. ನಿಜಾನಾ?

ಉತ್ತರ (ಶಿರಸಿ)

ಅಲ್ಲ ತಂಗಿ, ಎರಡಕ್ಕೂ ಸಂಬಂಧವೇ ಇಲ್ಲ. ಕಾಲನ್ನು ಹಿಂದಿನಿಂದ ತಲೆ ಮೇಲಕ್ಕೆ ಎಳೆದು ಹಿಡಿಯುವ ಬೀಲ್‌ಮನ್ ನೋಡಿ ಹಾಗನ್ನಿಸುತ್ತದೆ. 1981ರ ವಿಶ್ವ ಚಾಂಪಿಯನ್, ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್‌ಮನ್ ಹೆಸರಿನ ಭಂಗಿ ಅದು. ಚಂದವೇ, ಆದರೆ ಹತ್ತಾರು ಭಂಗಿಗಳಲ್ಲಿ ಒಂದು ಅಷ್ಟೇ. ಮೂಲ ಸ್ಪಿನ್ ಮೂರು: ನಿಂತು ತಿರುಗುವ ಅಪ್‌ರೈಟ್, ಕುಳಿತಂತೆ ತಿರುಗುವ ಸಿಟ್, ಒಂದು ಕಾಲನ್ನು ಹಿಂದಕ್ಕೆ ಅಡ್ಡ ಚಾಚಿ ತಿರುಗುವ ಕ್ಯಾಮೆಲ್. ಸಿಟ್‌ಗೆ ಬೇಕಾದ್ದು ತೊಡೆಯ ಬಲ; ನಿಂತ ಕಾಲಿನ ತೊಡೆ ನೆಲಕ್ಕೆ ಸಮಾನಾಂತರವಾಗಿ ಬಂದರೆ ಸಾಕು.

ನೀನು ಸರಿಯುತ್ತಿರುವುದು ಸ್ಪಿನ್‌ಗೆ ಒಳಹೋಗುವ ರೀತಿಯಿಂದ. ಎಡಕ್ಕೆ ತಿರುಗುವವಳಾದರೆ ಎಡಗಾಲಿನ ಹೊರ ಎಡ್ಜ್ (ಪಾದದ ಹೊರ ಅಂಚಿನ ಕಡೆ ವಾಲುವುದು) ಮೇಲೆ ಮುಂದಕ್ಕೆ ಬರುತ್ತೀ, ತ್ರೀ ಟರ್ನ್ ಹಾಕಿ, ಅಂದರೆ ಅದೇ ಕಾಲಿನ ಮೇಲೆ ಹಿಮ್ಮುಖವಾಗಿ ತಿರುಗಿ, ಒಳ ಎಡ್ಜ್‌ಗೆ ಹೋಗುತ್ತೀ, ಅಲ್ವಾ? ನೀನು ಬರುವ ಆ ಬಾಗು ದಾರಿ ಒಳಕ್ಕೆ ಸುತ್ತುತ್ತಾ ಬಿಗಿಯಾಗಬೇಕು. ಮಂಡಿ ಚೆನ್ನಾಗಿ ಬಾಗಿರಲಿ. ಟರ್ನ್ ಆದಮೇಲೆ ಬಲಗಾಲನ್ನು ಅಗಲವಾಗಿ ಸುತ್ತಿಸಿ ತಂದು, ಎರಡೂ ಕೈ ಚಾಚಿಕೊಂಡು ಒಂದು ಕ್ಷಣ ತಡೆ. ಒಂದೇ ಜಾಗದಲ್ಲಿ ನಿಂತೆ ಅನ್ನಿಸಿದ ಮೇಲೆ ಕೈ ಕಾಲು ಮೈ ಹತ್ತಿರ ಎಳೆದುಕೋ. ಭಾರ ನಡುವಿಗೆ ಬಂದಷ್ಟೂ ವೇಗ ತಾನೇ ಏರುತ್ತದೆ. ಭುಜ ಒಂದು ಕಡೆ ಜಗ್ಗಬಾರದು, ಕಣ್ಣು ನೆಲ ನೋಡಬಾರದು.

ಸೀಮೆಸುಣ್ಣದಿಂದ ನೆಲದ ಮೇಲೆ ಊಟದ ತಟ್ಟೆಯಷ್ಟು ಅಗಲದ ವೃತ್ತ ಬರೆದು ಅದರೊಳಗೇ ಟರ್ನ್ ಹಾಕು. ಯಾರಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ. ಯಾವ ದಿಕ್ಕಿಗೆ ಹೊರಬೀಳುತ್ತೀ ನೋಡಿ ಹೇಳು.

ಮತ್ತೆ ಕಾರವಾರದಿಂದ

ಅಕ್ಕ, ನೋಡಿದೆ. ಬಂದ ದಿಕ್ಕಿಗೇ ಸರಿಯುತ್ತಿದೆ. ಕೈ ತಡೆದು ಹಿಡಿದರೆ ವೃತ್ತದೊಳಗೆ ನಿಲ್ಲುತ್ತದೆ, ಆದರೆ ವೇಗ ಬೇಗ ಇಳಿಯುತ್ತದೆ. ಚಕ್ರ ಕಿರ್ ಕಿರ್ ಅನ್ನುತ್ತದೆ.

ಉತ್ತರ (ಶಿರಸಿ)

ಹಾಗಾದರೆ ಕೈ ಬೇಗ ಎಳೆಯುವುದೇ ಕಾರಣ, ಅದು ಸಿಕ್ಕಿತು. ಕಿರ್ ಅನ್ನುವುದಕ್ಕೆ ಚಕ್ರದೊಳಗಿನ ಬೇರಿಂಗ್ ಬಿಚ್ಚಿ ನೋಡು. ಕಡಲ ತೀರದ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಒರೆಸಿ ಒಂದೊಂದು ಹನಿ ಬೇರಿಂಗ್ ಆಯಿಲ್ ಹಾಕು, ತೆಂಗಿನೆಣ್ಣೆ ಮಾತ್ರ ಬೇಡ. ಮೆತ್ತಗಿನ ಚಕ್ರ ನೆಲ ಕಚ್ಚುತ್ತದೆ, ಸ್ಪಿನ್‌ಗೆ ಗಟ್ಟಿ ಚಕ್ರ ಬೇಕು. ಟ್ರಕ್ (ಸ್ಕೇಟ್ ಅಡಿಯಲ್ಲಿ ಚಕ್ರದ ಅಚ್ಚು ಹಿಡಿದಿರುವ ಭಾಗ) ತೀರಾ ಬಿಗಿಯಾಗಿದ್ದರೆ ಎಡ್ಜ್ ಸಿಗುವುದಿಲ್ಲ. ನಟ್ ಕಾಲು ಸುತ್ತು ಸಡಿಲಿಸಿ, ಮೊದಲು ನಿಧಾನಕ್ಕೆ ಒಂದು ಸುತ್ತು ಸ್ಕೇಟ್ ಮಾಡಿ ನೋಡು. ಬೆನ್ನು ಬಗ್ಗಿಸುವ ಹಟ ಸದ್ಯಕ್ಕೆ ಬಿಡು, ಸಿಟ್ ಸ್ಪಿನ್‌ಗೆ ಒಂಟಿ ಕಾಲಿನ ಬಸ್ಕಿ ಶುರುಮಾಡು. ಮೊದಲು ಗೋಡೆ ಹಿಡಿದೇ ಮಾಡು.